ನೇತ್ರಾಣಿಗೆ ಒಂದು ಪುಟ್ಟ ಕ್ಯಾಮರಾ

ಮುರುಡೇಶ್ವರದ ಕಡಲತಡಿಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಮಂಜು ಮುಸುಕದ ದಿನ, ನೀರೂ ಆಕಾಶವೂ ಕೂಡುವಲ್ಲಿ ಒಂದು ಕಪ್ಪು ಗುಡ್ಡ ಕಾಣಿಸುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರು ದೂರ. ಇಂಗ್ಲಿಷರ ನಕಾಶೆಗಳಲ್ಲಿ ಅದಕ್ಕೆ ಪಾರಿವಾಳದ ದ್ವೀಪವೆಂದು ಹೆಸರು. ನಮ್ಮ ಕಡೆಯ ಮೀನುಗಾರರು ಹರಕೆ ಹೊತ್ತು ಆಡುಗಳನ್ನು ಒಯ್ದು ಅಲ್ಲಿ ಬಿಟ್ಟುಬರುವುದುಂಟು. ನೌಕಾಪಡೆಯವರು ಅದನ್ನು ಗುರಿಯಭ್ಯಾಸಕ್ಕೆ ಬಳಸಿದ್ದೂ ಉಂಟು. ಇಷ್ಟೆಲ್ಲ ಕೇಳಿ ಗೊತ್ತಿದ್ದರೂ, ಅದರ ಎದುರಿಗೇ ಹುಟ್ಟಿ ಬೆಳೆದ ನಾನು ಮೂವತ್ತು ದಾಟುವವರೆಗೆ ಅಲ್ಲಿಗೆ ಹೋದವನಲ್ಲ. ಮನೆಯ ಮುಂದಿನ ದೇವಸ್ಥಾನಕ್ಕೆ ಪರವೂರಿನವರೇ ಹೆಚ್ಚಾಗಿ ಹೋಗುತ್ತಾರೆಂಬ ಮಾತು ಸುಳ್ಳಲ್ಲ.

ಬಿ.ಎ. ಮುಗಿಸಿ ಮುಂಬಯಿ ಸೇರಿ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದವನು ನಾನು. ವರ್ಷಕ್ಕೊಮ್ಮೆ, ರಜೆ ದೊರೆತರೆ ಎರಡು ಸಲ, ಮತ್ಸ್ಯಗಂಧಾ ಗಾಡಿಯಲ್ಲಿ ಊರಿಗೆ ಹೋಗಿ ಬರುತ್ತೇನೆ. ಈ ಲೇಖನ ನೇತ್ರಾಣಿಗೆ ಹೋಗಿಬಂದ ಕಥೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಯಾವ ಕ್ಯಾಮರಾ ಒಯ್ಯಬೇಕೆಂದು ಹದಿನಾಲ್ಕು ತಿಂಗಳು ತಲೆ ಕೆಡಿಸಿಕೊಂಡ ಕಥೆ. ನನ್ನ ಖರ್ಚಿನಲ್ಲಿ ಕಲಿತ ಪಾಠ ಓದುಗ ಬಾಂಧವರಿಗೆ ಬಿಟ್ಟಿಯಾಗಿ ಸಿಗಲೆಂದು ಬರೆದಿದ್ದೇನೆ.

2022ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನೇತ್ರಾಣಿಯ ಬಳಿ ಮುಳುಗು ಹಾಕಿಸುವ ದೋಣಿಯನ್ನು ಮೊದಲ ಬಾರಿಗೆ ಹತ್ತಿದೆ. ಈಜು ಬಾರದವರನ್ನೂ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಶಿಕ್ಷಕರೊಬ್ಬರು ಹಿಡಿದುಕೊಂಡೇ ಕೆಳಗೆ ಕರೆದೊಯ್ಯುತ್ತಾರೆ. ಇಂಥ ಪರಿಚಯದ ಮುಳುಗಿಗೆ 12 ಮೀಟರಿನ ಮಿತಿ. ನಾನು ಇಳಿದದ್ದು ಅದರ ಅರ್ಧ. ನೋಡಿದ್ದಕ್ಕಿಂತ ಹೆದರಿದ್ದೇ ಹೆಚ್ಚು. ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕುಳಿತಾಗ ಅಪ್ಪ ಕೇಳಿದ:

"ಎಂಥಾ ಕಂಡೆ?"

"ನೀಲಿ," ಎಂದೆ. ಬೇರೇನೂ ಹೇಳಲು ತೋಚಲಿಲ್ಲ. ದೋಣಿಯವರು ತೆಗೆದುಕೊಟ್ಟಿದ್ದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಹತ್ತು ಚಿತ್ರಗಳಲ್ಲೂ ನಾನೇ. ಮುಖಗನ್ನಡಿ ಹಾಕಿಕೊಂಡು, ಬೆರಳು ಮಡಚಿ ಸನ್ನೆ ಮಾಡುತ್ತ, ಹಬೆಗೆ ಇಟ್ಟ ಇಡ್ಲಿಯಂತೆ ಉಬ್ಬಿದ ಕೆನ್ನೆ.

ಅಪ್ಪ ಎಲ್ಲವನ್ನೂ ನೋಡಿ ಮೊಬೈಲು ಹಿಂದಕ್ಕೆ ಕೊಟ್ಟ. "ಇದರಲ್ಲಿ ನೀನೇ ಇದ್ದೀಯಲ್ಲ, ತಮಾ. ನಿನ್ನ ನಾನು ಮನೆಯಲ್ಲೇ ನೋಡ್ತೆ. ಮೀನು ಎಲ್ಲಿ?"

ಅಪ್ಪ ಪ್ರಾಯದಲ್ಲಿ ರಂಪಣಿ ಬಲೆ ಎಳೆದವನು. ಓದುಗರಲ್ಲಿ ಕರಾವಳಿಯವರಿಗೆ ರಂಪಣಿಯೆಂದರೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ದಡದಿಂದ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಹೋಗಿ, ಮೀನಿನ ಹಿಂಡನ್ನು ಸುತ್ತುವರಿದು, ಎರಡು ತುದಿಗಳನ್ನೂ ದಡದ ಮೇಲಿನ ಜನ ಎಳೆಯುವ ದೊಡ್ಡ ಬಲೆ. ಊರಿಗೆ ಊರೇ ಕೈ ಹಚ್ಚಬೇಕು. 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅಪ್ಪನೂ ಯಂತ್ರದ ದೋಣಿ ಹತ್ತಿದ. ಈಗ ಮೊಣಕಾಲು ಕೇಳುವುದಿಲ್ಲ. ಒಂದು ಕಣ್ಣಿನ ಒತ್ತಡ ಏರಿ ನರ ಸೊರಗಿದೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ.

"ಐವತ್ತು ವರ್ಷ ಮೀನು ಹಿಡಿದೆ," ಎಂದ ಅಪ್ಪ ಆ ಸಂಜೆ. "ಅದು ಅದರ ಮನೆಯಲ್ಲಿ ಹೇಗಿರ್ತದೆ ಅಂತ ಒಂದು ದಿನ ಕಂಡವನಲ್ಲ. ನಾ ಕಂಡದ್ದೆಲ್ಲ ಬಲೆಯಲ್ಲಿ ಒದ್ದಾಡೋ ಮೀನು."

ಅಷ್ಟೇ ಮಾತು. ಕೇಳಿಕೊಂಡದ್ದಲ್ಲ, ಬೇಡಿದ್ದಲ್ಲ. ಆದರೆ ಮುಂಬಯಿಗೆ ಮರಳುವ ಗಾಡಿಯಲ್ಲಿ ನನಗೆ ನಿದ್ರೆ ಬರಲಿಲ್ಲ.

ಮೊದಲು ಮಾಡಿದ್ದು ದಡ್ಡತನ. ಮರುವರ್ಷ ಮೇ ತಿಂಗಳಿನಲ್ಲಿ, ಮೊಬೈಲು ಹಾಕಿ ಕುತ್ತಿಗೆಗೆ ನೇತುಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಚೀಲವೊಂದನ್ನು ಕೊಂಡು, ಊರ ಬಂಡೆಗಳ ನಡುವೆ ಸೊಂಟದ ನೀರಿಗಿಳಿದೆ. ಮೊಬೈಲಿಗೆ ನೀರು ತಡೆಯುವ ಶಕ್ತಿ ಇದೆಯೆಂದು ಡಬ್ಬದ ಮೇಲೆ ಬರೆದಿತ್ತಲ್ಲ! ಆ ಭರವಸೆ ಅಲುಗಾಡದ ಸಿಹಿನೀರಿಗೆ, ಅದೂ ಒಂದೆರಡು ಮೀಟರಿಗೆ, ಅರ್ಧ ಗಂಟೆಯ ಮಟ್ಟಿಗೆ ಕೊಟ್ಟದ್ದೆಂದು ಆಗ ತಿಳಿದಿರಲಿಲ್ಲ. ಉಪ್ಪುನೀರಿಗೂ ಅಲೆಗೂ ಅದು ಅನ್ವಯಿಸುವುದಿಲ್ಲ. ಅಲ್ಲದೆ, ಬೆರಳಿನ ಸ್ಪರ್ಶದಿಂದ ನಡೆಯುವ ಪರದೆ ನೀರಿನೊಳಗೆ ಮಾತೇ ಕೇಳುವುದಿಲ್ಲ. ಚೀಲದ ಬಾಯಿಯಿಂದ ನೀರು ನುಗ್ಗಿತು. ಮೊಬೈಲು ಎರಡು ಬಾರಿ ಕಣ್ಣು ಮಿಟುಕಿಸಿ ಕಣ್ಣು ಮುಚ್ಚಿತು. ಅಕ್ಕಿಯ ಡಬ್ಬದಲ್ಲಿ ಹೂಳಿಟ್ಟರೂ ಏಳಲಿಲ್ಲ.

ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮಾಲವಣದ ಮಿತ್ರರೊಬ್ಬರಿದ್ದಾರೆ. ಸಿಂಧುದುರ್ಗ ಕೋಟೆಯ ಸುತ್ತಿನ ನೀರಿನಲ್ಲಿ ವರ್ಷಗಳಿಂದ ಮುಳುಗು ಹಾಕಿ ಚಿತ್ರ ತೆಗೆಯುವವರು. ಮೊಬೈಲಿನ ಸಾವಿನ ಸುದ್ದಿ ಕೇಳಿ ಅವರು ನನ್ನನ್ನು ಕ್ಯಾಂಟೀನಿಗೆ ಕರೆದೊಯ್ದರು.

"ಕ್ಯಾಮರಾದ ಹೆಸರು ಆಮೇಲೆ ಕೇಳಿ," ಎಂದರು. "ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಡಿ. ಎಂಥ ನೀರು? ಎಷ್ಟು ಆಳ? ಮೀನಿನ ಎಷ್ಟು ಹತ್ತಿರ ಹೋಗಬಲ್ಲಿರಿ?"

ನನಗೆ ಯಾವುದಕ್ಕೂ ಉತ್ತರ ಗೊತ್ತಿರಲಿಲ್ಲ. ಅವರು ಟೇಬಲ್ಲಿನ ಮೇಲಿದ್ದ ನೀರಿನ ಲೋಟದಲ್ಲಿ ನನ್ನ ಪೆನ್ಸಿಲನ್ನು ಇಳಿಬಿಟ್ಟರು. ಅದು ಮುರಿದಂತೆಯೂ ದಪ್ಪವಾದಂತೆಯೂ ಕಂಡಿತು.

"ನೋಡಿ, ನೀರೇ ನಿಮ್ಮ ಮೊದಲ ಲೆನ್ಸು. ಅಂಗಡಿಯಲ್ಲಿ ಕೊಳ್ಳುವುದು ಎರಡನೆಯದು."

ಆ ದಿನ ಅವರು ಹೇಳಿದ್ದನ್ನು ನಾನು ಕಚೇರಿಯ ಟಿಪ್ಪಣಿಯಂತೆ ಬರೆದಿಟ್ಟುಕೊಂಡೆ. ಗಾಳಿಯಿಂದ ನೀರಿಗೆ ಹೋಗುವಾಗ ಬೆಳಕು ಬಾಗುವುದರಿಂದ, ಚಪ್ಪಟೆ ಗಾಜಿನ ಮೂಲಕ ನೋಡಿದರೆ ನೀರಿನಲ್ಲಿರುವ ವಸ್ತು ಇರುವುದಕ್ಕಿಂತ ಕಾಲುಪಾಲು ಹತ್ತಿರದಲ್ಲಿ, ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಲೆನ್ಸಿನ ನೋಟದ ಹರವೂ ಅದೇ ಲೆಕ್ಕದಲ್ಲಿ ಕಿರಿದಾಗುತ್ತದೆ. ದಡದಲ್ಲಿ 25 ಮಿಲಿಮೀಟರಿನ ಅಗಲ ನೋಟದ ಲೆನ್ಸು ನೀರಿನಲ್ಲಿ ಸುಮಾರು 33 ಮಿಲಿಮೀಟರಿನದಾಗುತ್ತದೆ. ಕಳೆದ ಹರವನ್ನು ಮರಳಿ ಪಡೆಯಲು ಬೋಗುಣಿಯಂತೆ ಉಬ್ಬಿದ ಡೋಮ್ ಗಾಜು ಬೇಕು, ಇಲ್ಲವೆ ಮುಂದೆ ಕೂಡಿಸುವ ಇನ್ನೊಂದು ಲೆನ್ಸು ಬೇಕು.

ಎರಡನೆಯದು ಬಣ್ಣದ ವಿಚಾರ. ನೀರು ಬೆಳಕನ್ನು ಕುಡಿಯುತ್ತದೆ, ಅದರಲ್ಲೂ ಕೆಂಪನ್ನು ಮೊದಲು. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಮಾಯ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಉಳಿಯುವುದು ಹಸಿರು ಮತ್ತು ನೀಲಿ. ನಾನು ಅಪ್ಪನಿಗೆ "ನೀಲಿ" ಎಂದದ್ದು ಪೆದ್ದ ಉತ್ತರವೇನೂ ಅಲ್ಲವೆಂದು ಆಗ ಸಮಾಧಾನವಾಯಿತು. ಮೀನಿನಿಂದ ಕ್ಯಾಮರಾದವರೆಗಿನ ಅಡ್ಡ ದಾರಿಯಲ್ಲೂ ನೀರು ಬಣ್ಣ ಕುಡಿಯುತ್ತಲೇ ಇರುತ್ತದೆ. ಆದ್ದರಿಂದ ನೀರಿನಡಿಯ ಛಾಯಾಚಿತ್ರಕ್ಕೆ ಇರುವ ದೊಡ್ಡ ಸೂತ್ರ ಒಂದೇ: ಹತ್ತಿರ ಹೋಗು, ಹೋದೆ ಎನಿಸಿದ ಮೇಲೆ ಇನ್ನೂ ಹತ್ತಿರ ಹೋಗು. ಜೂಮು ಎಳೆದರೆ ಮೀನು ದೊಡ್ಡದಾದೀತು, ನಡುವಿನ ನೀರು ಕಡಿಮೆಯಾಗದು.

ಮೂರನೆಯದು ಒತ್ತಡ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. ಯಂತ್ರದ ಒಂದು ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಡಲು ಕದ ತಟ್ಟುವುದಿಲ್ಲ, ಒಳಗೇ ಬರುತ್ತದೆ.

ಈ ವಿದ್ಯೆ ಹೊಸದೇನಲ್ಲ. 1893ರಲ್ಲಿ ಲೂಯಿ ಬೂತಾಂ ಎಂಬ ಫ್ರೆಂಚ್ ಜೀವವಿಜ್ಞಾನಿ ಬಾನ್ಯೂಲ್ಸ್ ಎಂಬ ಊರಿನ ಕಡಲಲ್ಲಿ ದೊಡ್ಡ ಪೆಟ್ಟಿಗೆಯಲ್ಲಿ ಕ್ಯಾಮರಾ ಮುಚ್ಚಿ ಇಳಿಸಿ ಚಿತ್ರ ತೆಗೆದ. 1926ರಲ್ಲಿ ಅಮೆರಿಕದ ಫ್ಲಾರಿಡಾದ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬಿಬ್ಬರು ನೀರಿನಡಿಯ ಮೊದಲ ವರ್ಣಚಿತ್ರ ತೆಗೆದಾಗ, ಬೆಳಕಿಗಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸುಡಬೇಕಾಯಿತು. ಕಡಲ ಸಂಶೋಧಕ ಕುಸ್ತೋ ಅವರಿಗಾಗಿ ಬೆಲ್ಜಿಯಂನ ವೌಟರ್ಸ್ ಎಂಬವರು ರೂಪಿಸಿದ ಪುಟ್ಟ ಕ್ಯಾಮರಾ 1963ರಲ್ಲಿ ನಿಕಾನೋಸ್ ಎಂಬ ಹೆಸರಿನಿಂದ ಪೇಟೆಗೆ ಬಂತು. ಅದಕ್ಕೆ ಪೆಟ್ಟಿಗೆಯೇ ಬೇಡ. ಕ್ಯಾಮರಾವೇ ನೀರು ತಡೆಯುತ್ತಿತ್ತು. ಹೀಗೆ ಮೂರು ನಾಲ್ಕು ಜನ ಹೊರುವ ಯಂತ್ರ ಅಂಗೈಗೆ ಇಳಿಯಲು ಎಪ್ಪತ್ತು ವರ್ಷ ಹಿಡಿಯಿತು. ನನ್ನ ಹದಿನಾಲ್ಕು ತಿಂಗಳು ಯಾವ ಲೆಕ್ಕ!

ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳನ್ನು ಶನಿವಾರ ಶನಿವಾರ ಸುತ್ತಿದೆ. ಮೊದಲಿಗೆ ಕಣ್ಣು ಹೋದದ್ದು ಲೆನ್ಸು ಬದಲಿಸುವ ದೊಡ್ಡ ಕ್ಯಾಮರಾಗಳ ಮೇಲೆ. ಮಿತ್ರರು ತಡೆದರು. ಅದರ ನೀರಿನ ಪೆಟ್ಟಿಗೆ, ಅಂದರೆ ಹೌಸಿಂಗು, ಕ್ಯಾಮರಾಕ್ಕಿಂತ ದುಬಾರಿಯಾಗುವುದೇ ಹೆಚ್ಚು. ಅಲ್ಲದೆ ದಡದಲ್ಲಿ ಹಾಕಿದ ಲೆನ್ಸಿನಲ್ಲೇ ಇಡೀ ಮುಳುಗು ಮುಗಿಸಬೇಕು. ಚಿಕ್ಕ ಪ್ರಾಣಿಗೆಂದು ಲೆನ್ಸು ಹಾಕಿಕೊಂಡು ಇಳಿದ ದಿನವೇ ಆಮೆ ಎದುರಿಗೆ ಬರುತ್ತದೆ. ಪುಟ್ಟ ಕ್ಯಾಮರಾಕ್ಕೆ ಆ ತೊಂದರೆ ಇಲ್ಲ. ಹೌಸಿಂಗಿನ ಹೊರಗಡೆಯಿಂದ ತಿರುಚಿ ಕೂಡಿಸುವ ವೆಟ್ ಲೆನ್ಸುಗಳಿವೆ. ನೀರಿನೊಳಗೇ ಹಾಕಬಹುದು, ತೆಗೆಯಬಹುದು.

ಪುಟ್ಟ ಕ್ಯಾಮರಾಗಳಲ್ಲೂ ಮೂರು ಜಾತಿ ಕಂಡೆ. ಮೊದಲನೆಯದು ಗೋಪ್ರೋ ಬಗೆಯದು. ಹಲವು ಮಾದರಿಗಳು ಪೆಟ್ಟಿಗೆಯಿಲ್ಲದೆ 10 ಮೀಟರು ಇಳಿಯುತ್ತವೆ. ಚಲಿಸುವ ಚಿತ್ರಕ್ಕೆ ಬಹಳ ಒಳ್ಳೆಯದು, ನೋಟವೂ ಅಗಲ. ಆದರೆ ಒಂದಡಿಗಿಂತ ಹತ್ತಿರದ ವಸ್ತು ಮಸುಕಾಗುತ್ತದೆ. ಎರಡನೆಯದು ಸೋನಿ ಆರ್‌ಎಕ್ಸ್ 100 ಬಗೆಯದು. ಬೆಳಕು ಹಿಡಿಯುವ ಫಲಕ ದೊಡ್ಡದು, ಚಿತ್ರ ಚೊಕ್ಕಟ. ಇದರಲ್ಲೂ ಒಂದು ಸೂಕ್ಷ್ಮವಿದೆ: 24ರಿಂದ 70 ಮಿಲಿಮೀಟರಿನ ಜೂಮು ಇರುವ ಮೂರರಿಂದ ಐದನೆಯ ಮಾದರಿಗಳಿಗೆ ಅಗಲ ನೋಟದ ವೆಟ್ ಲೆನ್ಸು ಚೆನ್ನಾಗಿ ಹೊಂದುತ್ತದೆ, 200ರವರೆಗೆ ಎಳೆಯುವ ಆರು ಮತ್ತು ಏಳನೆಯ ಮಾದರಿಗಳು ಚಿಕ್ಕ ಪ್ರಾಣಿಗಳಿಗೆ ಹೆಚ್ಚು ಒಪ್ಪುತ್ತವೆ. ಹೊಸ ಮಾದರಿ ಎಲ್ಲದಕ್ಕೂ ಉತ್ತಮವೆಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಆದರೆ ಆ ಕ್ಯಾಮರಾ ಸ್ವತಃ ನೀರು ತಡೆಯದು. ಹೌಸಿಂಗಿಗೆ ನೀರು ಹೊಕ್ಕರೆ ನಮ್ಮ ಮೊಬೈಲಿನ ಗತಿಯೇ.

ಮೂರನೆಯದು ಒಲಿಂಪಸ್ ಟಫ್ ಟಿಜಿ-6. 2019ರಲ್ಲಿ ಬಂದದ್ದು. ತಾನೇ 15 ಮೀಟರು ಇಳಿಯಬಲ್ಲದು. ಒಂದು ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುವ ಸೂಕ್ಷ್ಮದರ್ಶಕದಂಥ ಏರ್ಪಾಡಿದೆ. ಫಲಕ ಚಿಕ್ಕದಾದ್ದರಿಂದ ಬೆಳಕು ಕಡಿಮೆಯಾದಾಗ ಚಿತ್ರ ತರಿತರಿಯಾಗುತ್ತದೆ, ಅದು ಅದರ ದೋಷ. 2023ರಲ್ಲಿ ಇದರ ತಮ್ಮ ಟಿಜಿ-7 ಬಂದದ್ದರಿಂದ ಹಳೆಯದನ್ನು ಮಾರುವವರು ಸಿಕ್ಕರು. ನನ್ನ ಜೇಬಿಗೆ ಎಟುಕಿದ್ದು ಅದೇ.

"ಹಳೆಯ ಕ್ಯಾಮರಾದ ಬಾಗಿಲಿನ ರಬ್ಬರನ್ನು ನಂಬಬೇಡಿ," ಎಂದರು ಮಿತ್ರರು. "ಅದಕ್ಕೊಂದು ಹೌಸಿಂಗು ಕೊಳ್ಳಿ." ಆ ಹೌಸಿಂಗು 45 ಮೀಟರಿಗೆ ಮಾಡಿದ್ದು.

ಮನೆಯಲ್ಲಿ ಲೆಕ್ಕ ಒಪ್ಪಿಸಿದೆ. ದೀಪಾವಳಿ ಬೋನಸ್ಸಿನ ಜೊತೆಗೆ ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡಿಗೂ ಕೈ ಹಾಕಬೇಕಾಗಿತ್ತು.

"ನೀವು ಇಳಿಯೋದು ಎಷ್ಟು ಆಳ?" ಎಂದಳು ನನ್ನಾಕೆ.

"ಹನ್ನೆರಡು ಮೀಟರು."

"ಕ್ಯಾಮರಾ ಇಳಿಯೋದು?"

"ಹದಿನೈದು."

"ಮತ್ತೆ ನಲವತ್ತೈದು ಮೀಟರಿನ ಪೆಟ್ಟಿಗೆ ಯಾಕ್ರೀ? ಉಳಿದ ಮೂವತ್ತು ಮೀಟರು ಯಾರಿಗೆ?"

ಸಾಲಿಗೊಂದು ಆಕ್ಷೇಪಣೆ ಹಾಕುವ ನಮ್ಮ ಆಡಿಟ್ಟಿನವರೂ ಇಷ್ಟು ಚೊಕ್ಕವಾಗಿ ಕೇಳಿದ್ದಿಲ್ಲ. ನಾನು ಹೇಳಿದೆ: ಆಳಕ್ಕಾಗಿ ಅಲ್ಲ, ಇದು ಎರಡನೆಯ ಬಾಗಿಲು. ಪೆಟ್ಟಿಗೆಗೆ ನೀರು ಹೊಕ್ಕರೂ ಕ್ಯಾಮರಾ ತನ್ನನ್ನು ಸ್ವಲ್ಪ ಹೊತ್ತು ಕಾಪಾಡಿಕೊಳ್ಳುತ್ತದೆ. ಡೊಂಬಿವಲಿಯ ನಮ್ಮ ಮನೆಗೂ ಮರದ ಬಾಗಿಲ ಮುಂದೆ ಕಬ್ಬಿಣದ ಬಾಗಿಲು ಇದೆಯಲ್ಲ. ಆಕೆ ಒಂದು ಗಳಿಗೆ ಸುಮ್ಮನಿದ್ದಳು. "ಮಾವನ ಕಣ್ಣು ಇರುವಾಗ ತಂದರೆ ಸರಿ. ಫ್ರಿಜ್ಜು ಇನ್ನೊಂದು ಬೇಸಿಗೆ ತಡೆಯುತ್ತೆ," ಎಂದಳು. ಕಡತ ಮಂಜೂರಾಯಿತು.

ಅಗಲ ನೋಟದ ವೆಟ್ ಲೆನ್ಸಿಗೆ ಮಾತ್ರ ದುಡ್ಡು ಉಳಿಯಲಿಲ್ಲ. ಉಳಿದ ಚೂರುಪಾರಿನಲ್ಲಿ ನೀರಿನಡಿ ಉರಿಯುವ ಒಂದು ಚಿಕ್ಕ ಟಾರ್ಚು ಕೊಂಡೆ. ಇದು ಮಿತ್ರರ ಸಲಹೆ. ಎರಡನೆಯ ಲೆನ್ಸಿಗಿಂತ ಮೊದಲು ಬೆಳಕು ಬೇಕು. ಹತ್ತಿರದಿಂದ ಟಾರ್ಚು ಬಿಟ್ಟರೆ ನೀರು ಕುಡಿದ ಕೆಂಪು ಮರಳಿ ಬರುತ್ತದೆ.

ಬಂದ ಹೌಸಿಂಗನ್ನು ಕ್ಯಾಮರಾ ಇಲ್ಲದೆ, ಒಳಗೆ ಒಂದು ತೆಳು ಕಾಗದ ಮಡಚಿಟ್ಟು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೇಲೆ ರುಬ್ಬುಗುಂಡು ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಕಾಗದ ಒಣಗಿಯೇ ಇತ್ತು. ಮಗಳು ಅದನ್ನು ಪರೀಕ್ಷೆಯ ಫಲಿತಾಂಶದಂತೆ ಎತ್ತಿ ಹಿಡಿದು ಮನೆಯೆಲ್ಲ ಓಡಾಡಿದಳು.

ಕ್ಯಾಮರಾ ಒಂದಾದರೆ ಸಾಲದು. ಮೊದಲ ಸಲ ಮುಳುಗುವವರ ಕೈಗೆ ಒಳ್ಳೆಯ ಶಿಕ್ಷಕರು ಕ್ಯಾಮರಾ ಕೊಡುವುದಿಲ್ಲ, ಕೊಡಲೂ ಬಾರದು. ನೀರಿನಲ್ಲಿ ಮೇಲೇಳದೆ ಕೆಳಗಿಳಿಯದೆ ಉಸಿರಿನ ಹದದಿಂದ ತೇಲಿ ನಿಲ್ಲಲು ಬಾರದವನು ಚಿತ್ರದ ಗುಂಗಿನಲ್ಲಿ ಹವಳವನ್ನು ತುಳಿಯುತ್ತಾನೆ, ಇಲ್ಲವೆ ತನ್ನ ಗಾಳಿಯ ಮುಳ್ಳು ನೋಡುವುದನ್ನು ಮರೆಯುತ್ತಾನೆ. ಆದ್ದರಿಂದ ಭಾನುವಾರಗಳಂದು ಮುಂಬಯಿಯ ಈಜುಕೊಳದಲ್ಲಿ ಪಾಠ ಕಲಿತೆ. 2024ರ ಫೆಬ್ರವರಿಯಲ್ಲಿ ಊರಿಗೆ ಹೋಗಿ, ಎರಡು ದಿನ ನೇತ್ರಾಣಿಯಲ್ಲಿ ಬರಿಗೈಯಲ್ಲಿ ಮುಳುಗಿ ಶಿಕ್ಷಣ ಮುಗಿಸಿದೆ. ಮೂರನೆಯ ದಿನ ಕ್ಯಾಮರಾ ಒಯ್ಯಲು ಶಿಕ್ಷಕರು ಒಪ್ಪಿದರು. ಆ ದಿನ ಎರಡು ಮುಳುಗು. ಅದೇ ರಾತ್ರಿ ಮುಂಬಯಿಗೆ ಗಾಡಿ, ಮರುದಿನದಿಂದ ರಜೆಯಿಲ್ಲ.

ಬೆಳಗ್ಗೆ ದೋಣಿ ಹೊರಟಾಗ ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರವೂ 123 ಅಡಿಯ ಶಿವನೂ ಹಿಂದೆ ಹಿಂದೆ ಸರಿದು ಬೊಂಬೆಗಳಾದರು. ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ದ್ವೀಪ ಹತ್ತಿರವಾದಂತೆ ಕಡಿದಾದ ಕಪ್ಪು ಬಂಡೆಗಳು, ಮೇಲೆ ಹಸಿರು, ಅದರ ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದು. ದೋಣಿ ದಡಕ್ಕೆ ಹೋಗದೆ ಬಂಡೆಗಳ ಮರೆಯಲ್ಲಿ ಲಂಗರು ಹಾಕಿತು.

ಮೊದಲ ಮುಳುಗು ಪೂರ್ತಿ ಹಾಳು. ಇಳಿದ ಐದು ನಿಮಿಷಕ್ಕೆ ಹೌಸಿಂಗಿನ ಗಾಜಿನ ಒಳಗಡೆ ಮಂಜು ಕಟ್ಟಿತು. ಎದುರಿಗೆ ಗಿಳಿಮೀನುಗಳು ಬಂಡೆಯನ್ನು ಕಟಕಟನೆ ಕಡಿಯುವ ಸದ್ದು ಕಿವಿಗೆ ಕೇಳುತ್ತಿದೆ. ಪರದೆಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ. ತಪ್ಪು ನನ್ನದೇ. ಬೆಳಗ್ಗೆ ಕಡಲ ದಂಡೆಯ ಬೆಚ್ಚನೆಯ ತೇವದ ಗಾಳಿಯಲ್ಲಿ ಪೆಟ್ಟಿಗೆ ಮುಚ್ಚಿದ್ದೆ. ಆ ತೇವ ಒಳಗೇ ಸೆರೆಯಾಗಿ, ತಣ್ಣನೆಯ ನೀರಿಗೆ ಇಳಿದೊಡನೆ ಗಾಜಿನ ಮೇಲೆ ಕೂತಿತು. ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ ನನ್ನ ಚೀಲದಲ್ಲೇ ಇತ್ತು, ಹಾಕಲು ಮರೆತಿದ್ದೆ.

ದೋಣಿಗೆ ಮರಳಿದಾಗ ಉಳಿದದ್ದು ಒಂದೇ ಮುಳುಗು. ಪೆಟ್ಟಿಗೆ ತೆರೆದರೆ ನೀರು ಹನಿಯಬಹುದು, ತೆರೆಯದಿದ್ದರೆ ಮಂಜು ಹೋಗದು. ಶಿಕ್ಷಕರು, "ನಿಮ್ಮ ಕ್ಯಾಮರಾ, ನಿಮ್ಮ ತೀರ್ಮಾನ. ಮಾಡುವುದಾದರೆ ಅವಸರ ಮಾಡಬೇಡಿ," ಎಂದರು. ದೋಣಿಯ ಮಾಡಿನ ಕೆಳಗೆ ನೆರಳಿನಲ್ಲಿ ಕುಳಿತೆ. ಸಿಹಿನೀರಿನಿಂದ ತೊಳೆದೆ, ಒಣ ಬಟ್ಟೆಯಿಂದ ಪೆಟ್ಟಿಗೆಯನ್ನೂ ಕೈಯನ್ನೂ ತಲೆಯನ್ನೂ ಒರೆಸಿಕೊಂಡೆ. ಬೀಗ ಬಿಚ್ಚಿದೆ. ಗಾಜು ಒರೆಸಿ, ಪೊಟ್ಟಣ ಇಟ್ಟು, ಮುಚ್ಚುವ ಮುನ್ನ ಮಿತ್ರರು ಕಲಿಸಿದಂತೆ ರಬ್ಬರು ಉಂಗುರದ ಸುತ್ತ ಬೆರಳಾಡಿಸಿದೆ. ಏನೋ ತಡವರಿಸಿತು. ಬಟ್ಟೆಯ ಒಂದೇ ಒಂದು ಎಳೆ ಉಂಗುರದ ಮೇಲೆ ಅಡ್ಡ ಮಲಗಿತ್ತು. ಅದರ ಮೇಲೆ ಮುಚ್ಚಿದ್ದರೆ ಕಡಲಿಗೆ ಅಷ್ಟು ಸಂದು ಸಾಕಾಗಿತ್ತು. ತೆಗೆದು, ಮತ್ತೊಮ್ಮೆ ಸುತ್ತು ನೋಡಿ, ಮುಚ್ಚಿದೆ. ಕೈ ನಡುಗುತ್ತಿತ್ತು.

ಎರಡನೆಯ ಮುಳುಗಿನಲ್ಲಿ ಗಾಜು ತಿಳಿಯಾಗಿತ್ತು, ನೀರು ತಿಳಿಯಾಗಿರಲಿಲ್ಲ. ನೋಟ ಏಳೆಂಟು ಮೀಟರಿಗೇ ನಿಲ್ಲುತ್ತಿತ್ತು. ಬರಿಗಣ್ಣಿಗೆ ಕಾಣುವಂತೆ ಕಣಕಣವಾಗಿ ಏನೋ ತೇಲುತ್ತಿತ್ತು. ಮನಸ್ಸು ಕುಗ್ಗಿತು. ಆದರೆ ಹತ್ತಿರ ಹೋಗುವ ಸೂತ್ರ ನೆನಪಿತ್ತು. ಬಂಡೆಯ ಬಿಲದಿಂದ ಬಾಯಿ ತೆರೆದು ಮುಚ್ಚುತ್ತಿದ್ದ ಹಾವುಮೀನನ್ನು ಎರಡು ಮೊಳದ ದೂರದಿಂದ ಹಿಡಿದೆ. ಕಂದುಬೂದಿಯಾಗಿ ಕಂಡ ಬಂಡೆಯ ಮೇಲೆ ಗೇಣು ದೂರದಿಂದ ಟಾರ್ಚು ಬಿಟ್ಟಾಗ ಅದು ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ಗಾಳಿಯ ಮುಳ್ಳು ಮೇಲೇರುವ ಗುರುತಿಗೆ ಬಂದಾಗ ಶಿಕ್ಷಕರು ಸನ್ನೆ ಮಾಡಿದರು.

ಮೇಲೇಳುತ್ತ ಐದು ಮೀಟರಿನಲ್ಲಿ ಮೂರು ನಿಮಿಷ ತಡೆದು ನಿಲ್ಲುವುದು ಮುಳುಗುವವರ ಪದ್ಧತಿ. ಅಲ್ಲಿ ನಿಂತಿದ್ದಾಗ ಕಲಕಲಾದ ನೀರಿನಿಂದ ಬೆಳ್ಳಿಯ ಗೋಡೆಯೊಂದು ನಮ್ಮತ್ತ ಬಂತು. ಮೀನಿನ ಹಿಂಡು. ಎಲ್ಲವೂ ಬಾಯನ್ನು ಅಗಲಕ್ಕೆ ತೆರೆದು, ಕಿವಿರುಗಳನ್ನು ಲಾಟೀನಿನಂತೆ ಉಬ್ಬಿಸಿಕೊಂಡು ಈಜುತ್ತಿದ್ದವು. ನೂರಾರು ತೆರೆದ ಬಾಯಿಗಳು. ಟಾರ್ಚು ಆರಿಸಿದೆ, ಇಂಥ ನೀರಿನಲ್ಲಿ ಬೆಳಕು ಬಿಟ್ಟರೆ ತೇಲುವ ಕಣಗಳೇ ಮಂಜಿನ ಹನಿಗಳಂತೆ ಹೊಳೆದು ಚಿತ್ರವನ್ನು ಮುಚ್ಚುತ್ತವೆ. ಮೇಲಿನ ಬಿಸಿಲಿನ ಬೆಳಕಿನಲ್ಲೇ ಐದಾರು ಚಿತ್ರ ತೆಗೆದೆ. ಅವು ಒಮ್ಮೆಗೇ ತಿರುಗಿ, ಮಿಂಚಿ, ಮಾಯವಾದವು.

ಸಂಜೆ, ಗಾಡಿಗೆ ಮೂರು ಗಂಟೆ ಇರುವಾಗ, ಜಗಲಿಯ ಪಕ್ಕದ ಕೋಣೆಯಲ್ಲಿ ದೂರದರ್ಶನ ಪೆಟ್ಟಿಗೆಗೆ ಕ್ಯಾಮರಾ ಜೋಡಿಸಿದೆ. ಅಪ್ಪ ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡ. ಹಾವುಮೀನಿಗೆ "ಹೂಂ" ಎಂದ. ಕೆಂಪು ಬಂಡೆಗೆ, "ಚಂದ ಉಂಟು," ಎಂದ. ಬಣ್ಣದ ಮೀನೊಂದಕ್ಕೆ, "ಇದು ಸಾರಿಗೆ ಬರ್ತದೋ?" ಎಂದು ಕೇಳಿದ. ನನಗೆ ಅಳುಕಾಯಿತು. ಕೊನೆಗೆ ಆ ಹಿಂಡಿನ ಚಿತ್ರ ಬಂತು. ಎಲ್ಲದಕ್ಕಿಂತ ಮಸುಕಾದ ಚಿತ್ರ ಅದು. ಬೂದುನೀಲಿ, ಅಂಚಿನ ಮೀನುಗಳು ಕದಲಿದ್ದವು.

ಅಪ್ಪ ಏಳಲಾರದ ಮೊಣಕಾಲು ಊರಿ ಎದ್ದು ನಿಂತ.

"ಬಂಗುಡೆ," ಎಂದ. ಸ್ವಲ್ಪ ತಡೆದು, "ಬಂಗುಡೆ ಹೀಗೆ ಬಾಯಿ ಬಿಟ್ಕಂಡು ಹೋಗ್ತದಾ?"

"ನೀರು ಕಲಕಾಗಿತ್ತು, ಅಪ್ಪ. ಅದಕ್ಕೇ ಚಿತ್ರ ಸರಿ ಬರಲಿಲ್ಲ."

"ಕಲಕಲ್ಲ, ತಮಾ. ಅದೇ ಅದರ ಊಟ." ಅಪ್ಪ ಪರದೆಯ ಮೇಲೆ ಬೆರಳಿಟ್ಟ. "ನಾವು ನೀರಿನ ಬಣ್ಣ ನೋಡಿ ಬಲೆ ಬಿಡ್ತಿದ್ದೆವು. ನೀರು ತಿಳಿ ಇದ್ದರೆ ಬಂಗುಡೆ ಇಲ್ಲ, ಬಣ್ಣ ತಿರುಗಿದರೆ ಉಂಟು. ಯಾಕೆ ಅಂತ ಹಿರಿಯರು ಹೇಳಲಿಲ್ಲ, ನಾವು ಕೇಳಲಿಲ್ಲ. ಈಗ ಕಂಡಿತು ನೋಡು. ಉಣ್ಣಲಿಕ್ಕೆ ಬಂದಾಗ ನಾವು ಹಿಡಿದದ್ದು."

ತೇಲುವ ಆ ಕಣಗಳನ್ನು, ಕಣ್ಣಿಗೆ ಕಾಣದ ಸಸ್ಯ ಮತ್ತು ಜೀವಿಗಳನ್ನು, ಬಂಗುಡೆ ತೆರೆದ ಬಾಯಿಂದ ಸೋಸಿಕೊಂಡು ತಿನ್ನುತ್ತದೆಂದು ನಾನು ಆಮೇಲೆ ಓದಿ ತಿಳಿದೆ. ಅಪ್ಪನಿಗೆ ಓದು ಬೇಕಾಗಲಿಲ್ಲ. ಅವನು ಕಂಡ ಮೀನುಗಳೆಲ್ಲ ಬಾಯಿ ಮುಚ್ಚಿ, ಬುಟ್ಟಿಯಲ್ಲಿ ಒತ್ತೊತ್ತಾಗಿ ಮಲಗಿದವು. ಆ ಸಂಜೆ ಗಾಡಿಗೆ ಹೊತ್ತಾಗುವವರೆಗೂ ಅದೊಂದೇ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿಡಲು ಹೇಳಿದ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಮತ್ತೊಂದರಿಂದ ನೋಡಿದ.

ಓದುಗ ಬಾಂಧವರು ಊರಿನ ಕಡಲಿಗೋ ಮಾಲವಣಕ್ಕೋ ಅಂದಮಾನಿಗೋ ಹೊರಟರೆ ಈ ಗುಮಾಸ್ತನ ಟಿಪ್ಪಣಿ ಇಷ್ಟೆ. ಮೊದಲು ಉಸಿರಾಡಲು, ತೇಲಲು ಕಲಿಯಿರಿ, ಕ್ಯಾಮರಾ ಆಮೇಲೆ. ನಿಮ್ಮ ಆಳಕ್ಕೂ ಜೇಬಿಗೂ ತಕ್ಕ ಪುಟ್ಟ ಯಂತ್ರ ಸಾಕು. ನೀರು ಕಲಕಾಗಿರುವ ನಮ್ಮ ಕರಾವಳಿಯಲ್ಲಿ ದೂರದ ನೋಟಕ್ಕೆ ಆಸೆಪಡಬೇಡಿ, ಹತ್ತಿರ ಹಿಡಿಯುವುದನ್ನು ಆರಿಸಿ. ದುಡ್ಡು ಉಳಿದರೆ ಮೊದಲು ಬೆಳಕು, ಆಮೇಲೆ ಅಗಲ ನೋಟದ ಲೆನ್ಸು. ತೇವದ ಪೊಟ್ಟಣ ಮರೆಯಬೇಡಿ. ರಬ್ಬರು ಉಂಗುರದ ಸುತ್ತ ಪ್ರತಿ ಸಲವೂ ಬೆರಳಾಡಿಸಿ. ಮನೆಗೆ ಬಂದ ಮೇಲೆ, ಪೆಟ್ಟಿಗೆ ತೆರೆಯುವ ಮೊದಲು, ಸಿಹಿನೀರಿನಲ್ಲಿ ನೆನೆಸಿಡಿ. ಯಾವ ಚಿತ್ರ ಚೆನ್ನಾಗಿದೆ ಎಂಬುದನ್ನು ಮಾತ್ರ ನೀವೇ ನಿರ್ಧರಿಸಬೇಡಿ. ಕಡಲನ್ನು ಬಲ್ಲವರಿಗೆ ಎಲ್ಲವನ್ನೂ ತೋರಿಸಿ, ಕೆಟ್ಟವನ್ನೂ.

ಮುಂಬಯಿಗೆ ಬಂದ ಮೇಲೆ ಬಂಗುಡೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಗಾಜು ಕಟ್ಟಿಸಿ ಊರಿಗೆ ಕಳಿಸಿದೆ. ಅಪ್ಪ ಅದನ್ನು ಜಗಲಿಯಲ್ಲಿ, ಕ್ಯಾಲೆಂಡರಿನ ಪಕ್ಕ ತೂಗುಹಾಕಿಸಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನಂತೆ. ಫ್ರಿಜ್ಜು ಕೊಂಡದ್ದು ಅದರ ಮರುವರ್ಷ.